ಮೂಲೆಯ ಬೆಂಚಿನ ಮಗುವಿಗೆ ಯಾವುದು ನೆರವಾಗುತ್ತದೆ? ಹೈಸ್ಕೂಲ್ ಶಿಕ್ಷಕರಿಗೆ ಕೋರ್ಸು, ಕೈಪಿಡಿ, ತರಬೇತಿಗಳ ಹೋಲಿಕೆ

ಅವಳು ಎಂಟನೇ ತರಗತಿಗೆ ಜೂನ್‌ನಲ್ಲಿ ಸೇರಿದಳು. ಕಾಡಂಚಿನ ಹಾಡಿಯ, ಜೇನುಕುರುಬರ ಮನೆಯ ಹುಡುಗಿ. ಐದಾರು ತಿಂಗಳು ನನ್ನ ಸಮಾಜ ವಿಜ್ಞಾನದ ತರಗತಿಯಲ್ಲಿ ಕೂತಳು. ಅಷ್ಟು ದಿನದಲ್ಲಿ ನನಗೆ ಕೇಳಿಸಿದ ಅವಳ ಮಾತು "ಹಾಜರ್ ಸರ್" ಒಂದೇ. ಡಿಸೆಂಬರ್‌ನಲ್ಲಿ ಅದೂ ನಿಂತಿತು. ಮನೆಯವರು ಕಾಫಿ ಕೊಯ್ಲಿಗೆ ಕೊಡಗಿಗೆ ಹೊರಟಿದ್ದರು. ಅವಳೂ ಜೊತೆಯಲ್ಲಿ ಹೋಗಿದ್ದಳು.

ಆ ಹೊತ್ತಿಗೆ ನನ್ನ ಫೈಲಿನಲ್ಲಿ ಸಮನ್ವಯ ಶಿಕ್ಷಣದ ಎರಡು ಪ್ರಮಾಣಪತ್ರಗಳಿದ್ದವು. ಎರಡನ್ನೂ ಶ್ರದ್ಧೆಯಿಂದಲೇ ಮುಗಿಸಿದ್ದೆ. ಆದರೂ ಆ ಹುಡುಗಿಯ ವಿಷಯದಲ್ಲಿ ಏನು ಮಾಡಬೇಕು ಅಂತ ನನಗೆ ಹೊಳೆಯಲಿಲ್ಲ. ಅವಳಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅದು ನನ್ನ ತಪ್ಪು. ಇವತ್ತಿಗೂ ನೆನಪಾದರೆ ಮನಸ್ಸು ಭಾರವಾಗುತ್ತದೆ.

ಆಮೇಲೆ ಕೆಲವು ವರ್ಷ ಒಂದೊಂದಾಗಿ ಹುಡುಕಿ ನೋಡಿದೆ. ಸರ್ಕಾರದ ಆನ್‌ಲೈನ್ ಕೋರ್ಸು, ಮುಕ್ತವಾಗಿ ಸಿಗುವ ಕೈಪಿಡಿ, ಮುಖಾಮುಖಿ ತರಬೇತಿ, ಹೊರದೇಶದ ಚೌಕಟ್ಟು, ಊರಿನ ಜನ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು "ಸರ್, ಯಾವುದು ಮಾಡಲಿ? ಎಲ್ಲಕ್ಕೂ ಟೈಮ್ ಇಲ್ಲ" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಕೋರ್ಸಿನ ಹೆಸರು ನೋಡುವ ಮೊದಲು ನಿಮ್ಮ ಹಾಜರಿ ಪುಸ್ತಕ ತೆರೆಯಿರಿ. ಈ ತಿಂಗಳು ಒಂದು ಸಲವೂ ಬಾಯಿ ಬಿಡದ ಮಕ್ಕಳು ಯಾರು? ಪದೇ ಪದೇ ಗೈರಾಗುವವರು ಯಾರು? ಹೆಸರುಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಆಮೇಲೆ ಪ್ರತಿ ಹೆಸರಿನ ಮುಂದೆ ಕಾರಣ ಬರೆಯಲು ನೋಡಿ. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ.

ನನ್ನ ಅನುಭವದಲ್ಲಿ ಕಾರಣಗಳು ಮೂರು ಗುಂಪಾಗುತ್ತವೆ. ಕಣ್ಣು, ಕಿವಿ, ಓದು ಬರಹದ ಕಲಿಕಾ ತೊಂದರೆ ಒಂದು. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ ಆಗಿರುವುದು ಇನ್ನೊಂದು. ಜಾತಿ, ಸಮುದಾಯ, ಬಡತನ, ಹೆಣ್ಣು ಗಂಡು ಅನ್ನುವ ಭೇದ ಮೂರನೆಯದು. ಒಂದೇ ಮಗುವಿಗೆ ಮೂರೂ ಇರಬಹುದು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮಗೆ ಸಿಗುವ ಯಾವ ಸಂಪನ್ಮೂಲಕ್ಕೂ ಮೂರೂ ಚೆನ್ನಾಗಿ ಗೊತ್ತಿಲ್ಲ. ನಮ್ಮ ಇಲಾಖೆಯಲ್ಲಿ "ಸಮನ್ವಯ ಶಿಕ್ಷಣ" ಅಂದರೆ ಬಹುಪಾಲು ವಿಶೇಷ ಅಗತ್ಯವುಳ್ಳ ಮಕ್ಕಳ ವಿಷಯವೇ. ಅದು ಬಹಳ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡಿಯ ಹುಡುಗಿಯ ಮೌನ ಆ ಪೆಟ್ಟಿಗೆಯೊಳಗೆ ಬರುವುದಿಲ್ಲ. ಭಾಷೆಯ ವಿಷಯವೂ ಅಷ್ಟೇ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ 66. ಉರ್ದು ಶೇ 10ಕ್ಕಿಂತ ಸ್ವಲ್ಪ ಜಾಸ್ತಿ. ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ, ಬ್ಯಾರಿ, ಅರೆಭಾಷೆ, ಹಾಡಿಗಳ ಮಾತು ಎಲ್ಲವೂ ನಮ್ಮ ಬೆಂಚುಗಳ ಮೇಲೆ ಕೂತಿವೆ. ಲೆಕ್ಕದಲ್ಲಿ ಕನ್ನಡದವರು ಅಂತ ಬರುವ ಮಕ್ಕಳಲ್ಲೂ ಮನೆಯ ಕನ್ನಡ ಬೇರೆ, ಪಠ್ಯಪುಸ್ತಕದ ಕನ್ನಡ ಬೇರೆ.

ಹೋಲಿಸುವಾಗ ನಾನು ನೋಡುವುದು ಐದು ವಿಷಯ. ಕನ್ನಡದಲ್ಲಿ ಇದೆಯಾ? ಹೈಸ್ಕೂಲ್ ಮಟ್ಟಕ್ಕೆ ಹೊಂದುತ್ತದಾ? ಎಷ್ಟು ಹೊತ್ತು ಬೇಕು? ನಾಳೆಯ ಪೀರಿಯಡ್‌ಗೆ ಏನಾದರೂ ಕೊಡುತ್ತದಾ? ತರಬೇತಿ ಮುಗಿದ ಮೇಲೆ ಅನುಮಾನ ಬಂದರೆ ಕೇಳಲು ಯಾರಾದರೂ ಇರುತ್ತಾರಾ? ಕೊನೆಯ ಪ್ರಶ್ನೆಯನ್ನು ನಾವು ಮರೆಯುವುದೇ ಜಾಸ್ತಿ.

ನಿಷ್ಠಾ ಮತ್ತು ದೀಕ್ಷಾ

ಎಲ್ಲರಿಗೂ ಗೊತ್ತಿರುವುದರಿಂದಲೇ ಶುರು ಮಾಡೋಣ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಬಂದಿದ್ದು 2017ರ ಶಿಕ್ಷಕರ ದಿನದಂದು. ಶಿಕ್ಷಕರಿಗಾಗಿ ಕೇಂದ್ರದ ನಿಷ್ಠಾ ತರಬೇತಿ 2019ರಲ್ಲಿ ಪ್ರಾಥಮಿಕ ಹಂತಕ್ಕೆ ಶುರುವಾಯಿತು. ನಮ್ಮ ಹೈಸ್ಕೂಲ್ ಹಂತಕ್ಕೆ ನಿಷ್ಠಾ 2.0 ದೀಕ್ಷಾದಲ್ಲಿ ಬಂದಿದ್ದು 2021ರಲ್ಲಿ. ಒಟ್ಟು 13 ಕೋರ್ಸು. 12 ಎಲ್ಲರಿಗೂ ಸಾಮಾನ್ಯ, ಒಂದು ನಿಮ್ಮ ವಿಷಯದ್ದು. ಒಂದೊಂದಕ್ಕೂ ಮೂರು ನಾಲ್ಕು ಗಂಟೆ ಬೇಕು. ಹಣ ಕೊಡಬೇಕಿಲ್ಲ.

ನಮಗೆ ಬೇಕಾದದ್ದು ಮುಖ್ಯವಾಗಿ ಮೂರು. ಪಠ್ಯಕ್ರಮ ಮತ್ತು ಸಮನ್ವಯ ಶಿಕ್ಷಣದ ಕೋರ್ಸು, ಶಾಲೆಯಲ್ಲಿ ಲಿಂಗ ಸಮಾನತೆಯ ಕೋರ್ಸು, ಹೈಸ್ಕೂಲ್ ವಯಸ್ಸಿನ ಮಕ್ಕಳನ್ನು ಅರ್ಥ ಮಾಡಿಕೊಳ್ಳುವ ಕೋರ್ಸು. ಪದಗಳ ಪರಿಚಯ ಆಗುತ್ತದೆ. ಕಾನೂನಿನ ಪರಿಚಯವೂ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಓದಲು ಬರೆಯಲು ಕಷ್ಟಪಡುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಈ ಒಂದು ವಿಷಯ ತಿಳಿದಿದ್ದರಿಂದಲೇ ನಾನು ಇಬ್ಬರು ಹುಡುಗರನ್ನು "ಸೋಮಾರಿಗಳು" ಅನ್ನುವುದನ್ನು ಬಿಟ್ಟೆ.

ಕೊರತೆ ಎಲ್ಲಿದೆ? ಇಡೀ ದೇಶಕ್ಕೆ ಒಂದೇ ಅಚ್ಚಿನಲ್ಲಿ ಮಾಡಿದ ಕೋರ್ಸು ಇದು. ವೈವಿಧ್ಯ ಒಳ್ಳೆಯದು, ಎಲ್ಲರನ್ನೂ ಗೌರವಿಸಬೇಕು ಅನ್ನುವವರೆಗೆ ಬಂದು ನಿಲ್ಲುತ್ತದೆ. ನಮ್ಮ ತಾಲ್ಲೂಕಿನ ಜಾತಿ, ಕೇರಿ, ಹಾಡಿ, ತಾಂಡಾಗಳ ಬಗ್ಗೆ ಅದು ಮಾತಾಡಲು ಸಾಧ್ಯವೂ ಇಲ್ಲ. ಕೊನೆಯಲ್ಲಿ ಕ್ವಿಜ್ ಇರುತ್ತದೆ, ಪಾಸಾದರೆ ಪ್ರಮಾಣಪತ್ರ ಬರುತ್ತದೆ. ವಿಡಿಯೋ ಓಡಿಸಿ ಬಿಟ್ಟು, ವಾಟ್ಸಾಪ್ ಗುಂಪಿನಲ್ಲಿ ಬಂದ ಉತ್ತರ ಒತ್ತುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಮಾಡಿದರೆ ಸುಮ್ನೆ ಸಮಯ ವ್ಯರ್ಥ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಅನ್ನುತ್ತದೆ. ಆ ಲೆಕ್ಕಕ್ಕೆ ನಿಷ್ಠಾ ಸುಲಭದ ದಾರಿ. ಈ ವಿಷಯಕ್ಕೆ ನೀವು ಪೂರ್ತಿ ಹೊಸಬರಾದರೆ ಇಲ್ಲಿಂದ ಶುರು ಮಾಡಿ. ಆದರೆ ಇದೊಂದರಿಂದಲೇ ತರಗತಿ ಬದಲಾಗುತ್ತದೆ ಅಂದುಕೊಳ್ಳಬೇಡಿ.

ಟೆಸ್ ಇಂಡಿಯಾ ಮತ್ತು ಕರ್ನಾಟಕದ ಮುಕ್ತ ಸಂಪನ್ಮೂಲ

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ಎರಡೂ ಉಚಿತ, ಎರಡೂ ಕನ್ನಡದಲ್ಲಿವೆ, ಎರಡನ್ನೂ ನಮಗೆ ಬೇಕಾದಂತೆ ಬದಲಾಯಿಸಿ ಬಳಸಲು ಅನುಮತಿ ಇದೆ.

ಟೆಸ್ ಇಂಡಿಯಾ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಮುಂದೆ ನಿಂತು ನಡೆಸಿದ ಯೋಜನೆ. ಇಲ್ಲಿಯ ಶಿಕ್ಷಕರ ಜೊತೆ ಸೇರಿ ಘಟಕಗಳನ್ನು ಬರೆದಿದ್ದಾರೆ. ಕರ್ನಾಟಕಕ್ಕಾಗಿ ಕನ್ನಡದ ರೂಪವೂ ಇದೆ. ಹೈಸ್ಕೂಲ್ ಹಂತದ ಇಂಗ್ಲಿಷ್, ಗಣಿತ, ವಿಜ್ಞಾನಕ್ಕೆ ತಲಾ 15 ಘಟಕ. ಇವುಗಳ ಜೊತೆಗೆ ಎಲ್ಲ ವಿಷಯದವರಿಗೂ ಆಗುವ ಹತ್ತು ಮೂಲ ಸಂಪನ್ಮೂಲಗಳಿವೆ. ಜೋಡಿ ಕೆಲಸ, ಗುಂಪು ಕೆಲಸ, ಪ್ರಶ್ನೆ ಕೇಳುವ ಬಗೆ, ಸ್ಥಳೀಯ ವಸ್ತುಗಳ ಬಳಕೆ, ಹೀಗೆ. ಅದರಲ್ಲಿ ಒಂದು ಎಲ್ಲರನ್ನೂ ಒಳಗೊಳ್ಳುವ ಬಗ್ಗೆಯೇ ಇದೆ. ಕೆಲವೇ ಪುಟ. ಒಂದು ಬಿಡುವಿನ ಪೀರಿಯಡ್‌ನಲ್ಲಿ ಓದಿ ಮುಗಿಸಬಹುದು.

ಆ ಕೆಲವು ಪುಟಗಳು ನನಗೆ ಎಷ್ಟೋ ತರಬೇತಿಗಳಿಗಿಂತ ಜಾಸ್ತಿ ಕೊಟ್ಟವು. ಅದು ಹೇಳುವುದು ಸರಳ. ಗಮನಿಸಿ, ಮಗುವಿಗೆ ತನ್ನ ಮೇಲೆ ಗೌರವ ಬರುವಂತೆ ನೋಡಿಕೊಳ್ಳಿ, ನಿಮ್ಮ ಪಾಠದ ಪಟ್ಟು ಸಡಿಲಿಸಿ. "ಗಮನಿಸಿ" ಅನ್ನುವುದನ್ನು ನಾನು ಒಂದು ವಾರ ಅಕ್ಷರಶಃ ಮಾಡಿದೆ. ನಾನು ಯಾರಿಗೆ ಪ್ರಶ್ನೆ ಕೇಳುತ್ತೇನೆ ಅಂತ ಚೀಟಿಯಲ್ಲಿ ಗುರುತು ಹಾಕಿದೆ. ಐದು ದಿನದಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳೂ ಅದೇ ಎಂಟು ಹತ್ತು ಮಕ್ಕಳಿಗೆ ಹೋಗಿದ್ದವು. ಮೂಲೆಯ ಬೆಂಚಿಗೆ ಒಂದೂ ಹೋಗಿರಲಿಲ್ಲ. ಆ ಚೀಟಿ ನೋಡಿ ನನಗೇ ನಂಬಲಾಗಲಿಲ್ಲ.

ಟೆಸ್ ಇಂಡಿಯಾದ ವಿಡಿಯೋಗಳು ನಮ್ಮ ದೇಶದ ಶಾಲೆಗಳಲ್ಲೇ ತೆಗೆದವು. ಕಿಕ್ಕಿರಿದ ಕೋಣೆ, ಸಾಲು ಬೆಂಚು, ಕರಿಹಲಗೆ. ನೋಡಿದರೆ ನಮ್ಮದೇ ಶಾಲೆ ಅನ್ನಿಸುತ್ತದೆ. ಆದರೆ ಹೈಸ್ಕೂಲ್ ಸಮಾಜ ವಿಜ್ಞಾನಕ್ಕೆ, ಕನ್ನಡಕ್ಕೆ ಪ್ರತ್ಯೇಕ ಘಟಕ ಇಲ್ಲ. ಭಾಷೆಯ ಘಟಕಗಳು ಪ್ರಾಥಮಿಕ ಹಂತದವು. ನನ್ನಂಥವರು ವಿಜ್ಞಾನದ ಘಟಕ ಓದಿ, ಅದರ ವಿಧಾನವನ್ನು ಇತಿಹಾಸಕ್ಕೆ ತಿರುಗಿಸಿಕೊಳ್ಳಬೇಕು.

ಅಲ್ಲಿ ನೆರವಿಗೆ ಬರುವುದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ. ಜನರ ಬಾಯಲ್ಲಿ ಕೋಯರ್. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ್ದು. ನಮ್ಮ ರಾಜ್ಯದ ಪಠ್ಯಕ್ರಮವನ್ನೇ ಹಿಡಿದು, ನಮ್ಮ ಶಿಕ್ಷಕರೇ ಬರೆದ ಪುಟಗಳು ಅಲ್ಲಿವೆ. ಸಮಾಜ ವಿಜ್ಞಾನವೂ ಇದೆ, ಕನ್ನಡವೂ ಇದೆ. ಜೊತೆಗೆ ವಿಷಯ ಶಿಕ್ಷಕರ ವೇದಿಕೆಯ ಗುಂಪುಗಳು ಬೆಳೆದವು. ಪ್ರಶ್ನೆ ಕೇಳಿದರೆ ಇನ್ನೊಂದು ಜಿಲ್ಲೆಯ ಶಿಕ್ಷಕರು ಉತ್ತರ ಕೊಡುತ್ತಾರೆ. ನನ್ನ ಐದನೇ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಆದರೆ ಪುಟಗಳ ಗುಣಮಟ್ಟ ಒಂದೇ ಸಮ ಇಲ್ಲ. ಕೆಲವು ತುಂಬಿ ತುಳುಕುತ್ತವೆ, ಕೆಲವು ತಲೆಬರಹಕ್ಕೇ ನಿಂತಿವೆ. ಎಲ್ಲರನ್ನೂ ಒಳಗೊಳ್ಳುವ ದೃಷ್ಟಿಯಿಂದ ಬರೆದ ಪುಟವನ್ನು ನೀವೇ ಹುಡುಕಬೇಕು.

ವಿಧಾನ ಕಲಿಯಲು ಟೆಸ್ ಇಂಡಿಯಾ, ಪಾಠದ ಸಾಮಗ್ರಿಗೆ ಮತ್ತು ಜೊತೆಗಾರರಿಗೆ ಕೋಯರ್. ಗಣಿತ ವಿಜ್ಞಾನದವರಾಗಿ ಒಂದನ್ನೇ ಆರಿಸಬೇಕಾದರೆ ಟೆಸ್ ಇಂಡಿಯಾ ಆರಿಸಿ.

ನಿಮ್ಮ ತಾಲ್ಲೂಕಿನಲ್ಲೇ ಇರುವ ತಜ್ಞರು

ನಾವು ಕಡೆಗಣಿಸುವ ಸಂಪನ್ಮೂಲ ಇದು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ ಇರುತ್ತಾರೆ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರು. ಪ್ರಾಥಮಿಕ ಶಾಲೆಯವರಿಗೆ ಇವರ ಪರಿಚಯ ಇರುತ್ತದೆ. ಹೈಸ್ಕೂಲಿನ ಎಷ್ಟೋ ಜನ ಇವರಿಗೆ ಒಂದು ಫೋನ್ ಕೂಡ ಮಾಡಿರುವುದಿಲ್ಲ. ನಾನೂ ಬಹಳ ವರ್ಷ ಮಾಡಿರಲಿಲ್ಲ.

ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗ ನೋಟ್ಸನ್ನೇ ಬರೆಯುತ್ತಿರಲಿಲ್ಲ. ಎತ್ತರದ ಹುಡುಗ ಅಂತ ಹಿಂದೆ ಕೂರಿಸಿದ್ದೆವು. ಬಿ.ಐ.ಇ.ಆರ್.ಟಿ ಮೇಡಂ ಬಂದು ಅರ್ಧ ಗಂಟೆ ಜೊತೆಗೆ ಕೂತರು. ಬೋರ್ಡು ಅವನಿಗೆ ಮಸುಕಾಗಿ ಕಾಣುತ್ತಿತ್ತು. ಮೊದಲ ಬೆಂಚಿಗೆ ತಂದೆವು, ಬೋರ್ಡಿನ ಮೇಲೆ ಬೆಳಕು ಹೊಳೆಯದ ಹಾಗೆ ಕಿಟಕಿ ಮುಚ್ಚಿದೆವು, ದೊಡ್ಡ ಅಕ್ಷರದ ಜೆರಾಕ್ಸ್ ಕೊಟ್ಟೆವು, ತಪಾಸಣಾ ಶಿಬಿರಕ್ಕೆ ಹೆಸರು ಬರೆಸಿದೆವು. ಇದಕ್ಕೆ ಯಾವ ಕೋರ್ಸೂ ಬೇಕಾಗಿರಲಿಲ್ಲ. ಒಂದು ಫೋನ್ ಸಾಕಾಗಿತ್ತು.

ಎನ್.ಸಿ.ಇ.ಆರ್.ಟಿ 2022ರಲ್ಲಿ ತಂದ ಪ್ರಶಸ್ತ್ ಆ್ಯಪ್ ಇದಕ್ಕೆ ಜೊತೆಯಾಗುತ್ತದೆ. ಕಾಯ್ದೆಯ 21 ಬಗೆಗಳನ್ನು ಇಟ್ಟುಕೊಂಡು ಮಾಡಿದ ಪ್ರಶ್ನಾವಳಿ ಅದು. ಮೊದಲ ಭಾಗ ತರಗತಿ ಶಿಕ್ಷಕರಿಗೆ. ಆದರೆ ಎಚ್ಚರ ಬೇಕು. ಅದು ಮಗುವಿಗೆ ಕಾಯಿಲೆಯ ಹೆಸರು ಕೊಡುವ ಸಾಧನ ಅಲ್ಲ, ಯಾರನ್ನು ತಜ್ಞರ ಹತ್ತಿರ ಕಳಿಸಬೇಕು ಅಂತ ಸೂಚಿಸುವುದಷ್ಟೇ. ಆ್ಯಪ್ ತುಂಬಿದ ಮೇಲೆ ಸ್ಟಾಫ್ ರೂಮಿನಲ್ಲಿ ಮಗುವಿಗೆ ಅಡ್ಡಹೆಸರು ಇಡುವುದು ದೊಡ್ಡ ಅನ್ಯಾಯ.

ಇನ್ನೊಂದು ವಿಷಯ ಹತ್ತನೇ ತರಗತಿಯವರಿಗೆ. ಎಸ್.ಎಸ್.ಎಲ್.ಸಿ ಪರೀಕ್ಷೆಯಲ್ಲಿ ಈ ಮಕ್ಕಳಿಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿ ಇವೆ. ವೈದ್ಯಕೀಯ ದಾಖಲೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಒಂಬತ್ತನೇ ತರಗತಿಯಲ್ಲೇ ಬಿ.ಐ.ಇ.ಆರ್.ಟಿ ಜೊತೆ ಕೂತು ಶುರು ಮಾಡಿ. ಪೂರ್ತಿ ಕಣ್ಣು ಕಾಣದ ಮಗು ಇದ್ದರೆ ಉಚಿತವಾಗಿ ಸಿಗುವ ಎನ್.ವಿ.ಡಿ.ಎ ತಂತ್ರಾಂಶ ಕಂಪ್ಯೂಟರಿನಲ್ಲಿ ಕನ್ನಡವನ್ನೂ ಓದಿ ಹೇಳುತ್ತದೆ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯಲ್ಲಿ ಕೇಳುವ ಪುಸ್ತಕಗಳ ಗ್ರಂಥಾಲಯ ಇದೆ.

ಬಿ.ಐ.ಇ.ಆರ್.ಟಿ ವ್ಯವಸ್ಥೆಯ ಮಿತಿ ಒಂದೇ. ಜನ ಕಡಿಮೆ, ಶಾಲೆ ಜಾಸ್ತಿ. ಕರೆದ ದಿನವೇ ಬರುತ್ತಾರೆ ಅಂತ ಕಾಯುವ ಹಾಗಿಲ್ಲ.

ಮುಖಾಮುಖಿ ತರಬೇತಿ ಮತ್ತು ಶಿಕ್ಷಕರ ಕಲಿಕಾ ಕೇಂದ್ರ

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮತ್ತು ಸಿಟಿಇ (ಶಿಕ್ಷಕರ ಶಿಕ್ಷಣ ಕಾಲೇಜು) ತರಬೇತಿಗೆ ಓ.ಓ.ಡಿ, ಅಂದರೆ ಅನ್ಯ ಕರ್ತವ್ಯದ ಅನುಮತಿ ಸಿಗುತ್ತದೆ, ಊಟ ಸಿಗುತ್ತದೆ, ಬೇರೆ ಶಾಲೆಯವರ ಪರಿಚಯ ಆಗುತ್ತದೆ. ಗುಣಮಟ್ಟ ಮಾತ್ರ ಸಂಪನ್ಮೂಲ ವ್ಯಕ್ತಿಯ ಮೇಲೆ ನಿಂತಿದೆ. ಒಳ್ಳೆಯವರು ಸಿಕ್ಕರೆ ಎರಡು ದಿನದಲ್ಲಿ ಕಣ್ಣು ತೆರೆಯುತ್ತದೆ. ಇಲ್ಲದಿದ್ದರೆ ಪಿಪಿಟಿ ಓದಿ ಹೇಳುತ್ತಾರೆ. ಹೋಗುವ ಮುಂಚೆ ಯಾರು ತರಬೇತಿ ಕೊಡುತ್ತಾರೆ ಅಂತ ವಿಚಾರಿಸಿಕೊಳ್ಳಿ. ಆಯ್ಕೆ ನಮ್ಮ ಕೈಯಲ್ಲಿರುವುದು ಕಡಿಮೆ ಅನ್ನುವುದು ನಿಜ. ಆದರೆ ಅಲ್ಲಿ ಸಿಕ್ಕ ಇಬ್ಬರು ಮೂವರು ಒಳ್ಳೆಯ ಶಿಕ್ಷಕರ ನಂಬರ್ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ಶಿಕ್ಷಕರ ಕಲಿಕಾ ಕೇಂದ್ರಗಳನ್ನು ನಡೆಸುತ್ತದೆ. ಶಾಲೆ ಬಿಟ್ಟ ಮೇಲೆ, ರಜಾ ದಿನ, ಇಷ್ಟ ಇದ್ದವರು ಬಂದು ಕೂರುವ ಜಾಗ. ಪುಸ್ತಕ ಇವೆ, ಚರ್ಚೆ ಇದೆ. ಆದೇಶದ ಮೇಲೆ ಬಂದವರಿಗೂ ತಾವಾಗಿ ಬಂದವರಿಗೂ ಬಹಳ ವ್ಯತ್ಯಾಸ ಇರುತ್ತದೆ, ಅಲ್ವಾ? ಜಾತಿಯ ಬಗ್ಗೆ, ನಮ್ಮದೇ ಪೂರ್ವಗ್ರಹದ ಬಗ್ಗೆ ಬಾಯಿ ಬಿಟ್ಟು ಮಾತಾಡಲು ಇಂಥ ಸಣ್ಣ ಗುಂಪೇ ಬೇಕು. ನೂರು ಜನರ ಸಭಾಂಗಣದಲ್ಲಿ ಅದು ಆಗುವುದಿಲ್ಲ. ಅವರ ವಿಶ್ವವಿದ್ಯಾಲಯ ತರುವ ಲರ್ನಿಂಗ್ ಕರ್ವ್ ಪತ್ರಿಕೆಯ ಕನ್ನಡ ಸಂಚಿಕೆಗಳಲ್ಲಿ ತರಗತಿಯಲ್ಲೇ ಹುಟ್ಟಿದ ಬರಹಗಳು ಬರುತ್ತವೆ. ನಿಮ್ಮ ಜಿಲ್ಲೆಯಲ್ಲಿ ಕೇಂದ್ರ ಇಲ್ಲದಿದ್ದರೆ ನಾಲ್ಕು ಜನ ಸೇರಿ ತಿಂಗಳಿಗೊಂದು ಲೇಖನ ಓದಿ. ಅದಕ್ಕೆ ಒಂದು ಸ್ಟಾಫ್ ರೂಂ ಸಾಕು.

ನಾನು ಒಂದು ಪಾಠ ಕಲಿತಿದ್ದು ಇಂಥ ಸಣ್ಣ ಗುಂಪಿನಲ್ಲೇ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ "ಎಸ್.ಸಿ, ಎಸ್.ಟಿ ಮಕ್ಕಳು ಎದ್ದು ನಿಲ್ಲಿ" ಅನ್ನುತ್ತಿದ್ದೆ. ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಒಬ್ಬ ಸಹೋದ್ಯೋಗಿ, ತಾವು ಹುಡುಗನಾಗಿದ್ದಾಗ ಹಾಗೆ ಎದ್ದು ನಿಂತ ದಿನವನ್ನು ನೆನೆದು ಹೇಳಿದರು. ಇಡೀ ಗುಂಪು ಸುಮ್ಮನಾಯಿತು. ಬೆಳಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಹನ್ನೊಂದು ಗಂಟೆಗೆ ನಾನು ಮಾಡುತ್ತಿದ್ದದ್ದು ಅದು. ಈಗ ಅರ್ಜಿಗಳನ್ನು ಒಬ್ಬೊಬ್ಬರಿಗೇ, ಆಫೀಸ್ ಕೋಣೆಯಲ್ಲಿ ಕೊಡುತ್ತೇವೆ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಹೊರದೇಶದ ಚೌಕಟ್ಟುಗಳು

ಇಂಗ್ಲಿಷ್ ಓದುವ ಅಭ್ಯಾಸ ಇದ್ದವರಿಗೆ ಇಲ್ಲಿ ಬಹಳ ಇದೆ. ಆದರೆ ಆರಿಸಿಕೊಳ್ಳಬೇಕು.

ಮಕ್ಕಳ ಸಂಸ್ಕೃತಿಗೆ ಹೊಂದುವ ಬೋಧನೆ ಅನ್ನುವ ವಿಚಾರ ಗಟ್ಟಿಯಾಗಿ ಬೆಳೆದಿದ್ದು ಅಮೆರಿಕದಲ್ಲಿ. ಗ್ಲೋರಿಯಾ ಲ್ಯಾಡ್ಸನ್ ಬಿಲ್ಲಿಂಗ್ಸ್ 1990ರ ದಶಕದಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿದ್ದ ಶಿಕ್ಷಕರನ್ನು ನೋಡಿ ಇದನ್ನು ಕಟ್ಟಿದರು. ಮೂರು ವಿಷಯ ಬೇಕು ಅಂದರು. ಮಗು ನಿಜವಾಗಿ ಕಲಿಯಬೇಕು, ತನ್ನ ಸಂಸ್ಕೃತಿಯನ್ನು ಕಳೆದುಕೊಳ್ಳಬಾರದು, ಸಮಾಜದ ಅನ್ಯಾಯವನ್ನು ಪ್ರಶ್ನಿಸಲು ಶಕ್ತವಾಗಬೇಕು. ನಮ್ಮಲ್ಲಿ ಇದನ್ನು ಎರಡನೆಯದಕ್ಕೆ ಮಾತ್ರ ಇಳಿಸಿಬಿಡುತ್ತೇವೆ. ಶಾಲಾ ವಾರ್ಷಿಕೋತ್ಸವದಲ್ಲಿ ಲಂಬಾಣಿ ಕುಣಿತ ಮಾಡಿಸಿ, ಸಂಸ್ಕೃತಿಗೆ ಗೌರವ ಕೊಟ್ಟೆವು ಅಂದುಕೊಳ್ಳುತ್ತೇವೆ. ಕುಣಿದ ಮಗುವಿಗೆ ಗಣಿತ ಬಂತಾ ಅನ್ನುವುದು ಮೊದಲ ಪ್ರಶ್ನೆ.

ಲರ್ನಿಂಗ್ ಫಾರ್ ಜಸ್ಟಿಸ್ ಅನ್ನುವ ಯೋಜನೆ 1991ರಿಂದ ನಡೆಯುತ್ತಿದೆ, ಮೊದಲು ಟೀಚಿಂಗ್ ಟಾಲರೆನ್ಸ್ ಅನ್ನುತ್ತಿದ್ದರು. ಗುರುತು, ವೈವಿಧ್ಯ, ನ್ಯಾಯ, ಕ್ರಿಯೆ ಅಂತ ನಾಲ್ಕು ಭಾಗದಲ್ಲಿ, ಹೈಸ್ಕೂಲ್ ಹಂತಕ್ಕೂ ಸೇರಿ, ಗುರಿಗಳ ಪಟ್ಟಿ ಇದೆ. ಉಚಿತ. ಪಟ್ಟಿಯ ಕ್ರಮ ಒಳ್ಳೆಯದು. ಆದರೆ ಉದಾಹರಣೆಗಳು ಬಹುಪಾಲು ಅಲ್ಲಿಯ ಜನಾಂಗ ಭೇದದ ಚರಿತ್ರೆಯವು. ಜಾತಿ ಬೇರೆ ಥರ ಕೆಲಸ ಮಾಡುತ್ತದೆ. ಚರ್ಮದಲ್ಲಿ ಕಾಣುವುದಿಲ್ಲ, ಹೆಸರು, ಬೀದಿ, ಊಟದ ಡಬ್ಬಿ, "ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ" ಅನ್ನುವ ಪ್ರಶ್ನೆಯಲ್ಲಿ ಕಾಣುತ್ತದೆ. ಆ ಪಾಠಗಳನ್ನು ಹಾಗೇ ಎತ್ತಿ ತಂದರೆ ನಮ್ಮ ಮಕ್ಕಳಿಗೆ ಅನ್ಯಾಯ ಅನ್ನುವುದು ಎಲ್ಲೋ ದೂರದ ದೇಶದ ಕಥೆ ಅನ್ನಿಸುತ್ತದೆ.

ನಾಳೆಯಿಂದಲೇ ಬಳಸಬಹುದಾದದ್ದು ಅಮೆರಿಕದ ಕಾಸ್ಟ್ (CAST) ಸಂಸ್ಥೆಯ ಯು.ಡಿ.ಎಲ್, ಅಂದರೆ ಎಲ್ಲ ಬಗೆಯ ಮಕ್ಕಳಿಗೂ ಆಗುವಂತೆ ಪಾಠ ಯೋಜಿಸುವ ವಿಧಾನ. ಮಕ್ಕಳನ್ನು ತೊಡಗಿಸಲು ಹಲವು ದಾರಿ, ವಿಷಯ ತಿಳಿಸಲು ಹಲವು ದಾರಿ, ಕಲಿತದ್ದನ್ನು ತೋರಿಸಲು ಹಲವು ದಾರಿ. ತಿರುಳು ಇಷ್ಟೇ. 1942ರ ಈಸೂರಿನ ಹೋರಾಟದ ಪಾಠಕ್ಕೆ ಇದನ್ನು ಹಚ್ಚಿ ನೋಡಿದೆ. ಕೆಲವರು ನಕ್ಷೆ ಬರೆದರು, ಕೆಲವರು ಕಾಲರೇಖೆ ಮಾಡಿದರು, ಕೆಲವರು ಊರಿನ ಹಿರಿಯರ ಹತ್ತಿರ ಆ ಕಾಲದ ನೆನಪು ಕೇಳಿ ಬಂದರು. ಬರೆಯಲು ಕಷ್ಟಪಡುವ ಹುಡುಗ ನಿಂತು ಇಡೀ ಘಟನೆ ಹೇಳಿದ. ಎಲ್ಲರಿಗೂ ಅದೇ ಅಳತೆಗೋಲಿನಲ್ಲಿ ಅಂಕ ಕೊಟ್ಟೆ. ಪ್ರತಿ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ. ಘಟಕಕ್ಕೆ ಒಂದು ಸಲ ಆದರೂ ದೊಡ್ಡದೇ.

ಬೂತ್ ಮತ್ತು ಏನ್ಸ್ಕೋ ಅವರ 2000ದ ಇಂಡೆಕ್ಸ್ ಫಾರ್ ಇನ್‌ಕ್ಲೂಷನ್ ಇಡೀ ಶಾಲೆಯೇ ತನ್ನನ್ನು ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳ ಸಂಗ್ರಹ. ಹೆಚ್.ಎಂ ಮನಸ್ಸು ಮಾಡಿದರೆ ಮಾತ್ರ ಕೈ ಹಾಕಿ. ಒಬ್ಬ ಶಿಕ್ಷಕರಿಂದ ಆಗುವ ಕೆಲಸ ಅಲ್ಲ.

ಊರು, ಹಾಡಿ, ಮನೆ

ಹಾಡಿಯ ಹುಡುಗಿಯ ವಿಷಯದಲ್ಲಿ ನನಗೆ ದಾರಿ ಸಿಕ್ಕಿದ್ದು ಕೊನೆಗೆ ಇಲ್ಲಿ. ಒಂದು ಭಾನುವಾರ ಹಾಡಿಗೆ ಹೋದೆ. ಆಶಾ ಕಾರ್ಯಕರ್ತೆ ಜೊತೆಗೆ ಬಂದರು. ಒಬ್ಬನೇ ಹೋಗಿದ್ದರೆ ಶಾಲೆಯಿಂದ ದೂರು ಹೇಳಲು ಬಂದಿದ್ದಾರೆ ಅಂತ ಹೆದರುತ್ತಿದ್ದರೇನೋ. ಅಜ್ಜಿ ಮಾತಾಡಿದರು. ಮೊಮ್ಮಗಳಿಗೆ ಶಾಲೆ ಇಷ್ಟ, ಆದರೆ ಮಾತಾಡಿದರೆ ನಗುತ್ತಾರಂತೆ. ಅವಳ ಮಾತಿನ ಧಾಟಿಗೆ ಮಕ್ಕಳು ನಗುತ್ತಿದ್ದರು. ನನ್ನ ತರಗತಿಯಲ್ಲೇ. ನನಗೆ ಅದು ಕೇಳಿಸಿಯೇ ಇರಲಿಲ್ಲ.

ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಇದು ನಾನು ಪಾಠದಲ್ಲಿ ಹೇಳುವ ವಿಷಯ. ಅದೇ ಸಮುದಾಯದ ಮಗು ಎದುರಿಗೆ ಕೂತಾಗ ಆ ವಾಕ್ಯ ಹೇಗೆ ಕೇಳಿಸುತ್ತದೆ ಅಂತ ಯೋಚಿಸಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹುಮ್ಮಸ್ಸಿನಲ್ಲಿ ನಾನು ಮರುವರ್ಷ ಜೇನಿನ ಬಗ್ಗೆ ಪಾಠ ಮಾಡಿದೆ. ಹೆಜ್ಜೇನು, ತುಡುವೆ, ಕೋಲುಜೇನು ಅಂತ ಹೇಳಿ, ಹಾಡಿಯ ಇನ್ನೊಬ್ಬ ಹುಡುಗನಿಗೆ "ನೀನು ಹೇಳಪ್ಪ" ಅಂದೆ. ಅವನು ಮರ ಹತ್ತಿದವನೇ ಅಲ್ಲ, ಹಾಸ್ಟೆಲಿನಲ್ಲಿ ಬೆಳೆದವನು. ತಲೆ ತಗ್ಗಿಸಿದ. ಮಗು ತನ್ನ ಸಮುದಾಯದ ಪ್ರತಿನಿಧಿ ಅಲ್ಲ. ಗೊತ್ತಿರುವ ಹಿರಿಯರನ್ನು ಶಾಲೆಗೆ ಕರೆಯಬೇಕು, ಅವರನ್ನು ಅತಿಥಿಯಾಗಿ ಗೌರವಿಸಬೇಕು, ಹೋಗಿಬರುವ ಖರ್ಚು ಕೊಡಬೇಕು. ಮಗು ಹೆಮ್ಮೆಯಿಂದ ಕೇಳಲಿ. ಮಾತಾಡುವುದು ಬಿಡುವುದು ಅದರ ಇಷ್ಟ.

ಓದಿಕೊಂಡು ಹೋಗಲು ಸಾಮಗ್ರಿ ಇದೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ 1969ರಿಂದ ಇದೆ. ಬುಡಕಟ್ಟು ಭಾಷೆಗಳ ಬಗ್ಗೆ ಕೆಲಸ ಮಾಡಿದೆ. ಅದರ ಭಾರತವಾಣಿ ತಾಣದಲ್ಲಿ ಹಲವು ಭಾಷೆಗಳ ನಿಘಂಟು ಉಚಿತ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನದ ಪುಸ್ತಕಗಳು ಕನ್ನಡದಲ್ಲೇ ಇವೆ. ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆ, ಬಂಜಾರ ಅಕಾಡೆಮಿಗಳು ಇವೆ. ಹೆಗ್ಗಡದೇವನಕೋಟೆ ಕಡೆಯವರು ಹೊಸಹಳ್ಳಿಯ ವಿವೇಕ ಗಿರಿಜನ ಶಾಲೆಯನ್ನೂ, ಚಾಮರಾಜನಗರ ಕಡೆಯವರು ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಸೋಲಿಗರ ಜೊತೆ ಕೆಲಸ ಮಾಡುತ್ತಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ (ವಿ.ಜಿ.ಕೆ.ಕೆ) ಶಾಲೆಯನ್ನೂ ಒಂದು ದಿನ ನೋಡಿ ಬರಬಹುದು. ಓದು ಹಿಂದುಳಿದ ಮಕ್ಕಳಿಗೆ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಕಥೆಗಳು ಸಿಗುತ್ತವೆ. ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿಸಿ. ಚಿಕ್ಕ ಮಕ್ಕಳ ಕಥೆ ಅಂತ ದೊಡ್ಡ ಹುಡುಗರಿಗೆ ನಾಚಿಕೆ ಆಗಬಹುದು. "ಆರನೇ ಕ್ಲಾಸಿನವರಿಗೆ ನೀವು ಓದಿ ಹೇಳಬೇಕು" ಅಂದರೆ ಆ ನಾಚಿಕೆ ಹೋಗುತ್ತದೆ.

ಈ ದಾರಿಗೆ ಪ್ರಮಾಣಪತ್ರ ಇಲ್ಲ, 50 ಗಂಟೆಯ ಲೆಕ್ಕಕ್ಕೂ ಬರುವುದಿಲ್ಲ. ಭಾನುವಾರ ಹೋಗುತ್ತದೆ. ಆದರೂ ಭಾಷೆ ಮತ್ತು ಸಮುದಾಯದ ವಿಷಯದಲ್ಲಿ ಮೇಲಿನ ಎಲ್ಲಕ್ಕಿಂತ ನಾನು ಇದನ್ನೇ ಮುಂದೆ ಇಡುತ್ತೇನೆ.

ಹಾಗಾದರೆ ಯಾವುದು?

ಪೆನ್ಸಿಲ್ ಗೆರೆ ಎಳೆದ ಹೆಸರಿಗೆ ವಾಪಸ್ ಬನ್ನಿ. ಮಗುವಿಗೆ ಕಾಣುವ, ಕೇಳುವ, ಓದುವ ತೊಂದರೆಯ ಅನುಮಾನ ಇದ್ದರೆ ಮೊದಲು ಬಿ.ಐ.ಇ.ಆರ್.ಟಿಗೆ ಫೋನ್ ಮಾಡಿ, ಆಮೇಲೆ ನಿಷ್ಠಾದ ಸಮನ್ವಯ ಕೋರ್ಸು ನೋಡಿ. ತಿರುಗುಮುರುಗು ಮಾಡಬೇಡಿ. ಕೋರ್ಸು ಮುಗಿಯುವವರೆಗೆ ಮಗು ಕಾಯಬೇಕಾಗುತ್ತದೆ. ಮಾತಿನ, ಧಾಟಿಯ ಕಾರಣಕ್ಕೆ ಸುಮ್ಮನಿದ್ದರೆ ಟೆಸ್ ಇಂಡಿಯಾದ ಜೋಡಿ ಕೆಲಸದ ವಿಧಾನ ಮತ್ತು ಮನೆ ಭೇಟಿ. ಜಾತಿಯ ವಿಷಯ ಅನ್ನಿಸಿದರೆ ಮಗುವನ್ನು ಪ್ರಶ್ನಿಸಲು ಹೋಗಬೇಡಿ. ನಂಬುವ ಸಹೋದ್ಯೋಗಿಗಳ ಜೊತೆ ಕೂತು ನಿಮ್ಮ ಶಾಲೆಯ ಅಭ್ಯಾಸಗಳನ್ನು ಒಂದೊಂದಾಗಿ ನೋಡಿ. ಯಾರು ಕಸ ಗುಡಿಸುತ್ತಾರೆ, ಯಾರು ನೀರು ತರುತ್ತಾರೆ, ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ. ಕಾರಣ ಗೊತ್ತಿಲ್ಲ ಅಂತ ಬರೆದಿದ್ದರೆ ಯು.ಡಿ.ಎಲ್ ರೀತಿಯ ಒಂದು ಪಾಠ ಮಾಡಿ ನೋಡಿ. ಮಗು ಯಾವ ದಾರಿಯಲ್ಲಿ ಬಾಯಿ ಬಿಡುತ್ತದೆ ಅನ್ನುವುದರಲ್ಲೇ ಕಾರಣ ಸಿಗಬಹುದು.

ಹತ್ತನೇ ತರಗತಿಯವರಿಗೆ ಜನವರಿ ನಂತರ ಇದಕ್ಕೆಲ್ಲ ಬಿಡುವಿರುವುದಿಲ್ಲ. ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಪೂರ್ವಸಿದ್ಧತಾ ಪರೀಕ್ಷೆ ಅಂತಲೇ ದಿನ ಕಳೆಯುತ್ತದೆ. ಎಂಟನೇ ತರಗತಿಯಿಂದ ಶುರು ಮಾಡಿ. ಜೂನ್, ಜುಲೈ ಒಳ್ಳೆಯ ಸಮಯ.

ನಮ್ಮ ಶಾಲೆಯಲ್ಲಿ ಈಗ ಅಕ್ಟೋಬರ್‌ನಲ್ಲೇ ಒಂದು ಪಟ್ಟಿ ಮಾಡುತ್ತೇವೆ. ಯಾವ ಮನೆಯವರು ಕಾಫಿ ಕೊಯ್ಲಿಗೆ ಹೋಗುತ್ತಾರೆ, ಮಗು ಯಾರ ಜೊತೆ ಉಳಿಯಬಹುದು, ಹಾಸ್ಟೆಲಿನಲ್ಲಿ ಜಾಗ ಇದೆಯಾ. ಸಮಗ್ರ ಶಿಕ್ಷಣ ಯೋಜನೆಯಡಿ, ಮನೆಯವರು ವಲಸೆ ಹೋದ ತಿಂಗಳುಗಳಲ್ಲಿ ಮಗು ಉಳಿಯುವ ಋತುಮಾನದ ವಸತಿಗೂ ಅವಕಾಶ ಇದೆ, ಬಿ.ಇ.ಓ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಹೋಗಲೇಬೇಕಾದವರ ಕೈಗೆ ಎರಡು ತಿಂಗಳ ಕೆಲಸದ ಹಾಳೆ ಕೊಟ್ಟು ಕಳಿಸುತ್ತೇವೆ, ತೋಟದ ಹತ್ತಿರದ ಶಾಲೆಗೆ ಒಂದು ಪತ್ರವನ್ನೂ. ಕಳೆದ ಸಲದ ಪಟ್ಟಿಯಲ್ಲಿ ಆರು ಹೆಸರಿದ್ದವು. ನಾಲ್ಕು ಮಕ್ಕಳು ಅಜ್ಜಿಯರ ಹತ್ತಿರ ಉಳಿದರು. ಹೋದ ಇಬ್ಬರಲ್ಲಿ ಒಬ್ಬಳು ಫೆಬ್ರವರಿಯಲ್ಲಿ ವಾಪಸ್ ಬಂದಳು. ಹಾಳೆಯ ತುಂಬಾ ಕಾಫಿ ಕಣದ ಕಲೆ, ಉತ್ತರ ಅರ್ಧ ಬರೆದಿದ್ದಳು. ಇನ್ನೊಬ್ಬ ಬರಲಿಲ್ಲ. ಅವನ ಮನೆಗೆ ಈ ಭಾನುವಾರ ಹೋಗಬೇಕು.